ಹಳೆ ಫಿಲ್ಟರ್ ಮೀಡಿಯಾವನ್ನು ಹೊಸ ಅಕ್ವೇರಿಯಂಗೆ ಸಾಗಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸ ಟ್ಯಾಂಕಿಗೆ ಬಿಟ್ಟ ಮೀನು ಒಂದು ವಾರದಲ್ಲಿ ಸತ್ತರೆ ಎಲ್ಲರಿಗೂ ಮೊದಲು ಗುಮಾನಿ ಬರುವುದು ರೋಗದ ಮೇಲೆ. ಅಂಗಡಿಗೆ ಓಡಿ ನೀಲಿ ಔಷಧಿ ತರುತ್ತಾರೆ. ಹೆಚ್ಚಿನ ಸಲ ಕೊಂದಿದ್ದು ನೀರಿನಲ್ಲಿ ಕೂಡಿಕೊಂಡ ಅಮೋನಿಯಾ. ಫಿಲ್ಟರ್ ಓಡುತ್ತಿರುತ್ತದೆ, ನೀರೂ ತಿಳಿಯಾಗಿಯೇ ಕಾಣುತ್ತದೆ. ಒಳಗೆ ಅಮೋನಿಯಾ ತಿನ್ನುವ ಸೂಕ್ಷ್ಮಜೀವಿಗಳು ಮಾತ್ರ ಇನ್ನೂ ಬಂದಿರುವುದಿಲ್ಲ.

ಅವನ್ನು ಸೊನ್ನೆಯಿಂದ ಬೆಳೆಸಲು ನಾಲ್ಕರಿಂದ ಎಂಟು ವಾರ ಬೇಕು. ಆದರೆ ನಿಮ್ಮ ಮನೆಯಲ್ಲೋ, ನಂಬಿಕಸ್ಥ ಗೆಳೆಯರ ಮನೆಯಲ್ಲೋ ಚೆನ್ನಾಗಿ ಓಡುತ್ತಿರುವ ಟ್ಯಾಂಕ್ ಇದ್ದರೆ ಇಷ್ಟು ಕಾಯಬೇಕಿಲ್ಲ. ಅದರ ಫಿಲ್ಟರ್ ಮೀಡಿಯಾ, ಅಂದರೆ ಫಿಲ್ಟರಿನ ಒಳಗಿರುವ ಸ್ಪಾಂಜ್, ಸೆರಾಮಿಕ್ ರಿಂಗಿನಂಥವನ್ನು ತಂದು ಹೊಸ ಫಿಲ್ಟರಿಗೆ ಹಾಕಿದರೆ ಅದೇ ದಿನ ಮೀನು ಬಿಡಬಹುದು. ಸರಿಯಾಗಿ ಮಾಡಿದರೆ, ಅಷ್ಟೆ. ಕೆಲಸ ಒಂದೆರಡು ಗಂಟೆಯದ್ದು. ಕೆಡುವುದು ಸಣ್ಣ ಸಣ್ಣ ಕಾರಣಕ್ಕೆ: ನಲ್ಲಿ ನೀರಿನಲ್ಲಿ ತೊಳೆದದ್ದು, ಮಧ್ಯಾಹ್ನದ ತನಕ ಬಕೆಟ್ಟಿನಲ್ಲಿ ಬಿಟ್ಟದ್ದು, ಖುಷಿಯಲ್ಲಿ ಅದೇ ದಿನ ಹತ್ತು ಹೊಸ ಮೀನು ತಂದದ್ದು.

ನಿಜವಾಗಿ ಸಾಗಿಸುತ್ತಿರುವುದು ಏನನ್ನು

ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಮತ್ತು ಹಿಕ್ಕೆ ಕೊಳೆತಾಗಲೂ ಅದೇ ಬರುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಹತೋಟಿಯಲ್ಲಿರುತ್ತದೆ. ಈ ಎರಡೂ ಗುಂಪು ಸಾಕಷ್ಟು ಬೆಳೆದ ಮೇಲೆ ಟ್ಯಾಂಕ್ ಸೈಕಲ್ ಆಯಿತು ಅನ್ನುತ್ತೇವೆ.

ಹಳೆಯ ಪುಸ್ತಕಗಳಲ್ಲಿ ನೈಟ್ರೈಟ್ ತಿನ್ನುವುದು ನೈಟ್ರೋಬ್ಯಾಕ್ಟರ್ ಎಂದಿರುತ್ತದೆ. 1998ರಲ್ಲಿ ಟಿಮೊಥಿ ಹೊವಾನೆಕ್ ಮತ್ತು ಜೊತೆಗಾರರು ಸಿಹಿನೀರಿನ ಅಕ್ವೇರಿಯಂಗಳನ್ನೇ ಪರೀಕ್ಷೆ ಮಾಡಿ, ಅಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಬಳಗದ ಬ್ಯಾಕ್ಟೀರಿಯಾ ಎಂದು ತೋರಿಸಿದರು. 2015ರಲ್ಲಿ ಅಮೋನಿಯಾದಿಂದ ನೈಟ್ರೇಟ್ ತನಕ ಪೂರ್ತಿ ಕೆಲಸವನ್ನು ಒಂದೇ ಜೀವಿ ಮಾಡುವುದೂ ಪತ್ತೆಯಾಯಿತು. ಅದೂ ನೈಟ್ರೋಸ್ಪೈರಾ ಬಳಗದ್ದೇ, ಒಂದು ತಂಡಕ್ಕೆ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿ. ನಮ್ಮ ಕೆಲಸಕ್ಕೆ ಹೆಸರಿಗಿಂತ ಅವುಗಳ ಸ್ವಭಾವ ಮುಖ್ಯ.

ಅವು ನೀರಿನಲ್ಲಿ ತೇಲಾಡಿಕೊಂಡು ಇರುವುದಿಲ್ಲ. ಸ್ಪಾಂಜಿನ ರಂಧ್ರ, ಸೆರಾಮಿಕ್ ರಿಂಗಿನ ಮೈ, ಮರಳಿನ ಕಾಳು, ಇಂಥ ಕಡೆ ಲೋಳೆಯಾಗಿ ಅಂಟಿಕೊಂಡು ಬದುಕುತ್ತವೆ. "ಹಳೆ ಟ್ಯಾಂಕಿನ ನೀರು ಅರ್ಧ ಹಾಕಿ ಸಾರ್, ಸೈಕಲ್ ಆಗಿಬಿಡುತ್ತೆ" ಅನ್ನುವ ಅಂಗಡಿಯ ಸಲಹೆ ಇದಕ್ಕೇ ಕೆಲಸ ಮಾಡುವುದಿಲ್ಲ. ಹಳೆ ನೀರಿನಲ್ಲಿ ಬರುವುದು ಮುಖ್ಯವಾಗಿ ನೈಟ್ರೇಟ್.

ಇನ್ನೊಂದು, ಅವಕ್ಕೆ ಆಮ್ಲಜನಕ ಬಹಳ ಬೇಕು. 1 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ನಿಂತ ನೀರಿನಲ್ಲಿ ಮೀಡಿಯಾ ಮುಳುಗಿಸಿಟ್ಟರೆ ಅದೇ ಮೀಡಿಯಾ ನೀರಿನ ಆಮ್ಲಜನಕವನ್ನು ತಿಂದು ಮುಗಿಸುತ್ತದೆ.

ಮತ್ತೆ, ಅವು ನಿಧಾನ. ಇದನ್ನು ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳುವವರಿದ್ದಾರೆ. ಒಂದು ಚಮಚ ಹೆಪ್ಪಿಗೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರಾಗುತ್ತದೆ, ಅಲ್ವಾ? ಇಲ್ಲಿ ಹಾಗಾಗುವುದಿಲ್ಲ. ಈ ಬ್ಯಾಕ್ಟೀರಿಯಾ ಒಂದಕ್ಕೆ ಎರಡಾಗಲು ಅರ್ಧ ದಿನದಿಂದ ಒಂದೆರಡು ದಿನ ಬೇಕು. ಒಂದು ಹಿಡಿ ರಿಂಗ್ ಹಾಕಿ ಮರುದಿನಕ್ಕೆ ಮೂರಡಿ ಟ್ಯಾಂಕ್ ತಯಾರು ಅಂದುಕೊಂಡರೆ ಕೆಟ್ಟಿತು.

ಲೆಕ್ಕ ಲೀಟರಿನಲ್ಲಿ ಅಲ್ಲ, ಆಹಾರದಲ್ಲಿ

ಎಷ್ಟು ಮೀಡಿಯಾ ತರಬೇಕು ಅನ್ನುವ ಪ್ರಶ್ನೆಗೆ ಉತ್ತರ ಟ್ಯಾಂಕಿನ ಅಳತೆಯಲ್ಲಿ ಇಲ್ಲ. ಹಳೆ ಫಿಲ್ಟರಿನಲ್ಲಿ ಇರುವ ಬ್ಯಾಕ್ಟೀರಿಯಾ, ನೀವು ದಿನಾ ಹಾಕುತ್ತಿದ್ದ ಆಹಾರಕ್ಕೆ ತಕ್ಕಷ್ಟು. ಜಾಸ್ತಿ ಇಟ್ಟುಕೊಳ್ಳಲು ಅವಕ್ಕೆ ಊಟ ಇರಲಿಲ್ಲ.

ಒಂದು ಲೆಕ್ಕ ನೋಡೋಣ. ಶೇ. 40 ಪ್ರೋಟೀನ್ ಇರುವ 1 ಗ್ರಾಂ ಆಹಾರದಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕ ಇರುತ್ತದೆ. ಅದರಲ್ಲಿ ಅರ್ಧ ಅಮೋನಿಯಾ ಆಗಿ ಹೊರಬಂತು ಅಂದುಕೊಂಡರೂ, 50 ಲೀಟರ್ ನೀರಿನಲ್ಲಿ ದಿನಕ್ಕೆ 0.6 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಏರುತ್ತದೆ. ನಾಲ್ಕು ದಿನ ಫಿಲ್ಟರ್ ಸುಮ್ಮನೆ ಕೂತರೆ 2.4. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮಾಮೂಲಿ ಟ್ಯಾಂಕಿನಲ್ಲಿ ಇರುವುದೇ ಸುಮಾರು 55 ಲೀಟರ್.

ಈಗ ಆ ಎರಡಡಿ ಟ್ಯಾಂಕಿನ ಮೀನುಗಳನ್ನೆಲ್ಲ ಮೂರಡಿ ಟ್ಯಾಂಕಿಗೆ ಬಿಡುತ್ತೀರಿ ಅಂದುಕೊಳ್ಳಿ. ಅಗಲ ಎತ್ತರ ಒಂದೂವರೆ ಅಡಿ ಇದ್ದರೆ ಅದು 190 ಲೀಟರಿನದು. ನೀರು ಮೂರು ಪಟ್ಟಿಗಿಂತ ಜಾಸ್ತಿ, ಮೀನು ಅವೇ, ಆಹಾರವೂ ಅಷ್ಟೇ. ಹಾಗಾದರೆ ಹಳೆ ಮೀಡಿಯಾ ಪೂರ್ತಿ ತಂದರೆ ಸಾಕು, ಮೂರು ಪಟ್ಟು ಬೇಕಿಲ್ಲ. ಬದಲಿಗೆ ಟ್ಯಾಂಕ್ ದೊಡ್ಡದಾಯಿತಲ್ಲ ಎಂದು ಅದೇ ದಿನ ಮೀನನ್ನೂ ದುಪ್ಪಟ್ಟು ಮಾಡಿದರೆ ಫಿಲ್ಟರಿಗೆ ಅರ್ಧ ಕೆಲಸವಷ್ಟೇ ಮಾಡಲಾಗುತ್ತದೆ.

ಇದರಿಂದ ಮೂರು ದಾರಿ ಹೊರಡುತ್ತವೆ.

ಎಲ್ಲ ಮೀನೂ ಹೊಸ ಟ್ಯಾಂಕಿಗೆ ಹೋಗುತ್ತಿದ್ದರೆ ಎಲ್ಲ ಮೀಡಿಯಾವನ್ನೂ ತನ್ನಿ.

ಹಳೆ ಟ್ಯಾಂಕಿನಲ್ಲಿ ಮೀನು ಉಳಿಯುವುದಾದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಹೊಸ ಟ್ಯಾಂಕಿಗೂ ಮೀನು ಅದೇ ಪ್ರಮಾಣದಲ್ಲಿ, ಅಂದರೆ ಹಳೆ ಟ್ಯಾಂಕಿನ ಮೂರನೇ ಒಂದು ಭಾಗದಷ್ಟು ಊಟ ತಿನ್ನುವ ಮೀನು ಮಾತ್ರ.

ಗೆಳೆಯರು ಕೊಟ್ಟಿದ್ದು ಒಂದು ಹಿಡಿ ರಿಂಗ್ ಅಷ್ಟೇ ಆಗಿದ್ದರೆ ಅದರಿಂದ ಸೈಕಲ್ ಬೇಗ ಆಗುತ್ತದೆ, ಅವತ್ತೇ ಆಗುವುದಿಲ್ಲ. ಮೀನಿಲ್ಲದೆ ಅಮೋನಿಯಾ ಹಾಕಿ ಬೆಳೆಸಿಕೊಳ್ಳಿ. ವಿಧಾನ ಮುಂದೆ ಹೇಳಿದ್ದೇನೆ.

ಯಾವ ಮೀಡಿಯಾ, ಯಾರ ಮನೆಯದ್ದು

ಸ್ಪಾಂಜ್, ಸೆರಾಮಿಕ್ ರಿಂಗ್, ಬಯೋ ಬಾಲ್, ಲಾವಾ ಕಲ್ಲು, ಒರಟು ಮ್ಯಾಟ್ ಎಲ್ಲವೂ ಆಗುತ್ತದೆ. ನನ್ನ ಮಟ್ಟಿಗೆ ಸಾಗಿಸಲು ಸ್ಪಾಂಜಿನಷ್ಟು ಸುಲಭದ್ದು ಇನ್ನೊಂದಿಲ್ಲ. ಕತ್ತರಿಯಲ್ಲಿ ಕತ್ತರಿಸಬಹುದು, ತುರುಕಬಹುದು, ನೀರಿನಿಂದ ತೆಗೆದರೂ ತೇವ ಬಿಡುವುದಿಲ್ಲ. ಏರ್ ಪಂಪಿನ ಸ್ಪಾಂಜ್ ಫಿಲ್ಟರ್ ಆದರೆ ಇನ್ನೂ ಸಲೀಸು. ಇಡೀ ಫಿಲ್ಟರನ್ನೇ ಎತ್ತಿ ಹೊಸ ಟ್ಯಾಂಕಿನ ಮೂಲೆಯಲ್ಲಿ ಇಟ್ಟು ಪಂಪ್ ಹಾಕಿದರೆ ಮುಗಿಯಿತು.

ಹತ್ತಿಯಂಥ ತೆಳ್ಳಗಿನ ಬಿಳಿ ಫ್ಲಾಸ್ ತರುವ ಅಗತ್ಯವಿಲ್ಲ, ಅದರಲ್ಲಿ ಕೊಳೆಯೇ ಜಾಸ್ತಿ. ಹಳೆ ಇದ್ದಿಲು ಚೀಲವನ್ನೂ ಬಿಡಬಹುದು. ಜಿಯೋಲೈಟ್ ಇದ್ದರೆ ಖಂಡಿತ ತರಬೇಡಿ. ಅದು ಅಮೋನಿಯಾವನ್ನು ತಾನೇ ಹಿಡಿದುಕೊಂಡು ಬ್ಯಾಕ್ಟೀರಿಯಾಕ್ಕೆ ಊಟ ಸಿಗದಂತೆ ಮಾಡುತ್ತದೆ.

ಮೀಡಿಯಾ ಜೊತೆ ಆ ಟ್ಯಾಂಕಿನಲ್ಲಿ ಇರುವುದೆಲ್ಲ ಬರುತ್ತದೆ ಅನ್ನುವುದು ನೆನಪಿರಲಿ. ಬಿಳಿ ಚುಕ್ಕೆ ರೋಗದ ಪರಾವಲಂಬಿ ತನ್ನ ಜೀವನಚಕ್ರದ ಒಂದು ಹಂತದಲ್ಲಿ ಮೀನಿನಿಂದ ಕಳಚಿ ಮರಳು, ಸ್ಪಾಂಜಿನಂಥ ಮೇಲ್ಮೈಗೆ ಅಂಟಿಕೊಂಡು ಮರಿ ಮಾಡುತ್ತದೆ. ಬಸವನಹುಳುವಿನ ಮೊಟ್ಟೆ, ಹೈಡ್ರಾ, ಪ್ಲನೇರಿಯಾದಂಥ ಸಣ್ಣ ಜೀವಿಗಳು ಎಲ್ಲವೂ ಹೀಗೇ ಸವಾರಿ ಬರುವುದು. ಅದಕ್ಕೆ ಅಂಗಡಿಯ ಟ್ಯಾಂಕಿನ ಮೀಡಿಯಾವನ್ನು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ. ವಾರವಾರ ಹೊಸ ಮೀನು ಬಂದು ಹೋಗುವ ಜಾಗ ಅದು. ಗೆಳೆಯರ ಟ್ಯಾಂಕ್ ಆದರೆ ಮುಜುಗರ ಪಡದೆ ಕೇಳಿ: ಕಳೆದ ಎರಡು ತಿಂಗಳಲ್ಲಿ ಮೀನು ಸತ್ತಿದೆಯಾ, ಹೊಸ ಮೀನು ತಂದಿದ್ದೀರಾ, ಯಾವ ಔಷಧಿ ಹಾಕಿದ್ದೀರಿ?

ಔಷಧಿಯ ಪ್ರಶ್ನೆಗೆ ಎರಡು ಕಾರಣ. ಮೊದಲಿಗೆ ಹೇಳಿದ ಆ ನೀಲಿ ಔಷಧಿ, ಮಿಥಿಲೀನ್ ಬ್ಲೂ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ. ಕೆಲವು ಆಂಟಿಬಯಾಟಿಕ್‌ಗಳೂ ಅಷ್ಟೇ. ನೋಡಲು ಹಳೆಯದಾದ ಸ್ಪಾಂಜಿನಲ್ಲಿ ಜೀವವೇ ಇಲ್ಲದಿರಬಹುದು. ಇನ್ನೊಂದು, ತಾಮ್ರದ ಔಷಧಿ ಹಾಕಿದ ಟ್ಯಾಂಕಿನ ಮೀಡಿಯಾ ಸೀಗಡಿ ಟ್ಯಾಂಕಿಗೆ ಬೇಡವೇ ಬೇಡ.

ಸಮುದ್ರದ ನೀರಿನ ಟ್ಯಾಂಕಿನ ಮೀಡಿಯಾ ಸಿಹಿನೀರಿಗೆ, ಇದರದು ಅದಕ್ಕೆ, ಹೊಂದುವುದಿಲ್ಲ. ಉಪ್ಪಿನ ವ್ಯತ್ಯಾಸಕ್ಕೆ ಬಹುತೇಕ ಸಾಯುತ್ತವೆ.

ಒಂದು ವಾರ ಮುಂಚೆ

ಹೊಸ ಟ್ಯಾಂಕನ್ನು ಇಡಬೇಕಾದ ಜಾಗದಲ್ಲೇ ಇಟ್ಟು ನೀರು ತುಂಬಿಸಿ. ಎರಡು ದಿನ ಸೋರುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮರಳು, ಮರ, ಕಲ್ಲು ಎಲ್ಲ ಈಗಲೇ ಜೋಡಿಸಿಡಿ. ಮೀಡಿಯಾ ಕೈಯಲ್ಲಿ ಹಿಡಿದುಕೊಂಡು ಮರಳು ತೊಳೆಯುವ ಪರಿಸ್ಥಿತಿ ಬರಬಾರದು. ಹೊಸ ಫಿಲ್ಟರನ್ನು ಖಾಲಿಯಾಗಿಯೇ ಓಡಿಸಿ ಸದ್ದು, ಸೋರಿಕೆ ನೋಡಿ.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನಲ್ಲಿ ಒಂದೇ ಮನೆಗೆ ಸೋಮವಾರ ಕಾವೇರಿ ನೀರು, ಗುರುವಾರ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್, ಎಲ್ಲ ಒಂದೇ ಸಂಪಿಗೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ಲಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇಲ್ಲ, ಗಡಸುತನ ಜಾಸ್ತಿ. ಟ್ಯಾಂಕರಿನದು ಎರಡೂ ಆಗಿರಬಹುದು. ಹಾಗಾಗಿ ಯಾವ ನೀರೇ ಆದರೂ ಆಂಟಿ ಕ್ಲೋರಿನ್ ಹಾಕಿಬಿಡಿ. ಅಂಗಡಿಯ ಅಗ್ಗದ ಆಂಟಿ ಕ್ಲೋರಿನ್ ಬಹುಪಾಲು ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ ತೆಗೆಯಲು ಅದು ಧಾರಾಳ ಸಾಕು.

ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಅಥವಾ ಕ್ಷಾರ ಅನ್ನುವ ಅಳತೆ, ಎರಡೂ ಟ್ಯಾಂಕಿನಲ್ಲಿ ನೋಡಿ. ಇದನ್ನು ಬಿಡಲೇಬೇಡಿ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಹೆಚ್ಚು ವಿಷ, ಇನ್ನೊಂದು ಬಹಳ ಕಡಿಮೆ ವಿಷ. ಟೆಸ್ಟ್ ಕಿಟ್ ಎರಡನ್ನೂ ಸೇರಿಸಿ ತೋರಿಸುತ್ತದೆ. ನೀರು 26 ಡಿಗ್ರಿ ಇದ್ದು ಪಿಎಚ್ 7 ಆಗಿದ್ದರೆ ವಿಷರೂಪ ಸುಮಾರು ಶೇ. 0.6. ಪಿಎಚ್ 8 ಆದರೆ ಅದೇ ಅಮೋನಿಯಾದಲ್ಲಿ ಶೇ. 5ರಿಂದ 6. ಒಂದು ಅಂಕಿ ಏರಿದ್ದಕ್ಕೆ ಹತ್ತು ಪಟ್ಟು ಹತ್ತಿರ.

ಈಗ ವರ್ಷಗಟ್ಟಲೆ ಸರಿಯಾಗಿ ನೀರು ಬದಲಾಯಿಸದ ಹಳೆ ಟ್ಯಾಂಕ್ ನೆನೆಸಿಕೊಳ್ಳಿ. ಬ್ಯಾಕ್ಟೀರಿಯಾದ ಕೆಲಸವೇ ನೀರಿನ ಕ್ಷಾರವನ್ನು ತಿನ್ನುತ್ತದೆ, ಹಾಗಾಗಿ ಪಿಎಚ್ ಮೆಲ್ಲಗೆ 6ಕ್ಕೆ ಇಳಿದಿರುತ್ತದೆ. ಅಷ್ಟು ಕೆಳಗೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತದೆ. ಅಮೋನಿಯಾ ಕೂಡಿಕೊಳ್ಳುತ್ತದೆ, ಆದರೆ ಕಡಿಮೆ ವಿಷದ ರೂಪದಲ್ಲಿ ಇರುವುದರಿಂದ ಮೀನು ಬದುಕಿರುತ್ತದೆ. ಆ ಮೀನನ್ನು ಆ ನೀರಿನ ಸಮೇತ ತಂದು, ಪಿಎಚ್ 8ರ ಬೋರ್‌ವೆಲ್ ನೀರು ಬೆರೆಸಿದರೆ? ಬಕೆಟ್ಟಿನಲ್ಲೇ ವಿಷ ತಯಾರಾಗುತ್ತದೆ. ಹಳೆ ಟ್ಯಾಂಕಿನ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಸಾಗಿಸುವ ಕೆಲಸ ಎರಡು ವಾರ ಮುಂದೂಡಿ. ದಿನ ಬಿಟ್ಟು ದಿನ ಶೇ. 10ರಿಂದ 15 ನೀರು ಬದಲಾಯಿಸುತ್ತಾ ಮೆಲ್ಲಗೆ ಮೇಲೆ ತನ್ನಿ. ಅಷ್ಟರಲ್ಲಿ ಬ್ಯಾಕ್ಟೀರಿಯಾವೂ ಚೇತರಿಸಿಕೊಳ್ಳುತ್ತದೆ.

ಉಷ್ಣತೆಯೂ ಹತ್ತಿರ ಇರಲಿ. ಮಡಿಕೇರಿ, ಚಿಕ್ಕಮಗಳೂರು ಕಡೆ ಚಳಿಗಾಲದಲ್ಲಿ ಹೀಟರ್ ಇಲ್ಲದ ಟ್ಯಾಂಕಿನ ನೀರು ತಣ್ಣಗಾದಾಗ ಈ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ. 25ರಿಂದ 30 ಡಿಗ್ರಿ ಅವಕ್ಕೆ ಹಿತ.

ಈ ವಾರ ಹಳೆ ಫಿಲ್ಟರ್ ತೊಳೆಯಲು ಹೋಗಬೇಡಿ. ಸಾಗಿಸುವ ಹಿಂದಿನ ದಿನ ಮೀನಿಗೆ ಊಟ ನಿಲ್ಲಿಸಿ.

ಸಾಗಿಸುವ ದಿನ

ನೆನಪಿಡಬೇಕಾದ ಕ್ರಮ ಒಂದೇ: ಹಳೆ ಟ್ಯಾಂಕಿನಿಂದ ಮೀಡಿಯಾ ಕೊನೆಗೆ ಹೊರಗೆ ಬರಬೇಕು, ಹೊಸ ಟ್ಯಾಂಕಿಗೆ ಮೊದಲು ಒಳಗೆ ಹೋಗಬೇಕು.

1. ಎರಡು ಸ್ವಚ್ಛ ಬಕೆಟ್ ತೆಗೆದುಕೊಳ್ಳಿ. ಸೋಪು, ಫಿನಾಯಿಲ್ ಕಾಣದ ಬಕೆಟ್ ಆಗಿರಲಿ. ಎರಡಕ್ಕೂ ಹಳೆ ಟ್ಯಾಂಕಿನ ನೀರು ತುಂಬಿಸಿ. ಒಂದು ಮೀನಿಗೆ, ಅದರಲ್ಲಿ ಏರ್ ಸ್ಟೋನ್ ಹಾಕಿ. ಇನ್ನೊಂದು ಮೀಡಿಯಾ ಜಾಲಿಸಲು.

2. ಹೊಸ ಫಿಲ್ಟರ್ ಆಫ್ ಮಾಡಿ ಮುಚ್ಚಳ ಬಿಚ್ಚಿ. ಯಾವುದು ಎಲ್ಲಿ ಕೂರುತ್ತದೆ ಎಂದು ಮೊದಲೇ ಅಂದಾಜು ಮಾಡಿಕೊಳ್ಳಿ. ರಿಂಗ್ ತುಂಬಲು ಜಾಲರಿ ಚೀಲ ಬೇಕು. ಈರುಳ್ಳಿ ಬರುವ ಬಲೆಚೀಲ ತೊಳೆದಿಟ್ಟರೂ ಆಗುತ್ತದೆ, ಬಣ್ಣ ಬಿಡಬಾರದು ಅಷ್ಟೇ.

3. ಹಳೆ ಟ್ಯಾಂಕಿನ ಗಿಡ, ಮರ ತೆಗೆದು ಮೀನು ಹಿಡಿಯಿರಿ. ಈ ಹೊತ್ತಿನಲ್ಲೂ ಹಳೆ ಫಿಲ್ಟರ್ ಓಡುತ್ತಲೇ ಇರಲಿ. ಮೀನು ಹಿಡಿಯಲು ಎಷ್ಟು ಹೊತ್ತಾಗುತ್ತದೆ ಎಂದು ಯಾರೂ ಹೇಳಲಾರರು, ಮುಖ್ಯವಾಗಿ ಬಾರ್ಬ್‌ನಂಥ ಚುರುಕು ಮೀನು ಇದ್ದರೆ. ನೀರು ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡರೆ ಸುಲಭ. ಆದರೆ ಫಿಲ್ಟರಿನ ಬಾಯಿ ನೀರಿನಿಂದ ಮೇಲೆ ಬರದಂತೆ ನೋಡಿಕೊಳ್ಳಿ.

4. ಈಗ ಹಳೆ ಫಿಲ್ಟರ್ ಆಫ್ ಮಾಡಿ ಮೀಡಿಯಾ ತೆಗೆಯಿರಿ. ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ನಗಬೇಡಿ. ಆರೋಗ್ಯವಾಗಿರುವ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬೆರಳಿಗೆ ಜಾರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದು ಕಪ್ಪಗಿದ್ದರೆ ಒಳಗೆ ಆಮ್ಲಜನಕ ಮುಟ್ಟದೆ ಕೊಳೆಯುತ್ತಿದೆ ಎಂದರ್ಥ. ಅಂಥ ಭಾಗವನ್ನು ಕತ್ತರಿಸಿ ಬಿಡಿ.

5. ಬಕೆಟ್ಟಿನ ನೀರಿನಲ್ಲಿ ಸ್ಪಾಂಜನ್ನು ಎರಡು ಸಲ ಮೆಲ್ಲಗೆ ಹಿಂಡಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಸಾಕು. ಹಿಂಡಿದ ನೀರು ತಿಳಿಯಾಗುವ ತನಕ ಹಿಂಡುವುದು ಬೇಡ. ಈ ಹಿಂಡುವಿಕೆ ಸಡಿಲ ಕೊಳೆ ಹೋಗಲಿ ಅಂತ. ಅದು ಹಾಗೇ ಬಂದರೆ ಹೊಸ ಟ್ಯಾಂಕಿನಲ್ಲಿ ಕೊಳೆತು ಅಮೋನಿಯಾ ಕೊಡುತ್ತದೆ, ಫಿಲ್ಟರನ್ನೂ ಕಟ್ಟಿಸುತ್ತದೆ. ಬ್ಯಾಕ್ಟೀರಿಯಾ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಅಷ್ಟಕ್ಕೆಲ್ಲ ಹೋಗುವುದಿಲ್ಲ. ರಿಂಗ್ ಆದರೆ ಒಮ್ಮೆ ಅದ್ದಿ ತೆಗೆದರೆ ಸಾಕು. ನಲ್ಲಿ ಕೆಳಗೆ ಹಿಡಿಯುವುದು ಬೇಡ. ಒಂದೇ ಸಲಕ್ಕೆ ಎಲ್ಲವೂ ಸಾಯದಿರಬಹುದು, ಆದರೆ ಇವತ್ತೇ ಆ ಜೂಜು ಯಾಕೆ?

6. ನೇರ ಹೊಸ ಫಿಲ್ಟರಿಗೆ ಹಾಕಿ. ನೀರು ಮೊದಲು ಹಾಯುವ ಜಾಗದಲ್ಲಿ ಒಂದು ಒರಟು ಹೊಸ ಸ್ಪಾಂಜ್, ಅದರ ನಂತರ ಹಳೆ ಮೀಡಿಯಾ, ಜಾಗ ಉಳಿದರೆ ಕೊನೆಗೆ ಹೊಸ ಮೀಡಿಯಾ. ಹಳೆ ಮೀಡಿಯಾದ ಪಕ್ಕದಲ್ಲಿ ಸಂದಿ ಬಿಟ್ಟರೆ ನೀರು ಆ ಸಂದಿಯಲ್ಲೇ ನುಸುಳಿ ಹೋಗುತ್ತದೆ, ಮೀಡಿಯಾ ಮುಟ್ಟುವುದೇ ಇಲ್ಲ. ಸ್ಪಾಂಜನ್ನು ಜಾಗಕ್ಕಿಂತ ಒಂದು ಬೆರಳಿನಷ್ಟು ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಿ.

ಅಳತೆ ಕೂಡುವುದೇ ಇಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೆ ಫಿಲ್ಟರನ್ನೇ ಹೊಸ ಟ್ಯಾಂಕಿಗೆ ತಂದು ಹೊಸ ಫಿಲ್ಟರಿನ ಜೊತೆ ಓಡಿಸಿ. ನಿಜ ಹೇಳಬೇಕೆಂದರೆ ಜಾಗ ಇದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಲೋಳೆಯ ಪದರ ಕದಲುವುದೇ ಇಲ್ಲ.

7. ಫಿಲ್ಟರ್ ಆನ್ ಮಾಡಿ. ನೀರಿನ ಧಾರೆ ಮೊದಲಿನಷ್ಟೇ ಬರುತ್ತಿದೆಯೇ, ಗಾಳಿ ಸಿಕ್ಕಿಕೊಂಡಿದೆಯೇ ನೋಡಿ. ಹೊಸ ನೀರು ಅರ್ಧ ಗಂಟೆ ಮಬ್ಬಾಗಿದ್ದರೆ ಅದು ಸಡಿಲ ಕೊಳೆ.

8. ಮೀನನ್ನು ಬಕೆಟ್ಟಿನಲ್ಲೇ ಹೊಂದಿಸಿ. ಪಿಎಚ್, ಗಡಸುತನ ಹತ್ತಿರ ಇದ್ದರೆ ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಹೊಸ ನೀರು ಸೇರಿಸಿದರೆ ಸಾಕು. ಬಲೆಯಲ್ಲಿ ಎತ್ತಿ ಬಿಡಿ, ಬಕೆಟ್ ನೀರನ್ನು ಟ್ಯಾಂಕಿಗೆ ಸುರಿಯುವುದು ಬೇಡ.

ಮೀನು ಅವತ್ತು ಬರುವುದಿಲ್ಲ, ನಾಳಿದ್ದು ಬರುತ್ತದೆ ಅಂತಾದರೆ? ಒಂದೆರಡು ದಿನದ ಉಪವಾಸಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ವಾರಗಟ್ಟಲೆ ಬಿಟ್ಟರೆ ಕುಗ್ಗುತ್ತದೆ. ಅಮೋನಿಯಂ ಕ್ಲೋರೈಡ್ ಇದ್ದರೆ 100 ಲೀಟರಿಗೆ 0.3 ಗ್ರಾಂ ಹಾಕಿ, ಸುಮಾರು 1 ಪಿಪಿಎಂ ಆಗುತ್ತದೆ. ಕಲಾಯಿಗೆ ಬಳಸುವ ನವಸಾಗರ ಇದೇ ವಸ್ತು. ಆದರೆ ಅಂಗಡಿಯ ಗಟ್ಟಿಯಲ್ಲಿ ಬೇರೆ ಏನೇನೋ ಬೆರೆತಿರಬಹುದು, ಪ್ರಯೋಗಾಲಯ ದರ್ಜೆಯ ಪುಡಿಯೇ ವಾಸಿ.

ಇದೇ ಪುಡಿಯಲ್ಲಿ ಫಿಲ್ಟರಿನ ಪರೀಕ್ಷೆಯೂ ಆಗುತ್ತದೆ. ಮೀನಿಲ್ಲದಾಗ 100 ಲೀಟರಿಗೆ 0.6 ಗ್ರಾಂ ಹಾಕಿ 2 ಪಿಪಿಎಂ ಮಾಡಿ. 24 ಗಂಟೆಯ ನಂತರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಮೀನು ಬಿಡಬಹುದು. ಬರದಿದ್ದರೆ ಸೊನ್ನೆಗೆ ಇಳಿಯುವ ತನಕ ಕಾದು ಮತ್ತೆ ಹಾಕಿ. ಗೆಳೆಯರು ಕೊಟ್ಟ ಒಂದು ಹಿಡಿ ರಿಂಗಿಗೂ ಇದೇ ವಿಧಾನ.

ದೂರದ ಊರಿಗೆ ಒಯ್ಯುವುದಾದರೆ

ಬೆಂಗಳೂರಿನಿಂದ ಮೈಸೂರಿಗೋ ಹುಬ್ಬಳ್ಳಿಗೋ ಮನೆ ಬದಲಾಯಿಸುವವರು ಮೀಡಿಯಾವನ್ನು ಬಕೆಟ್ ತುಂಬ ನೀರಿನಲ್ಲಿ ಮುಳುಗಿಸಿ, ಮುಚ್ಚಳ ಒತ್ತಿ ತರುತ್ತಾರೆ. ಒಣಗಬಾರದು ಅನ್ನುವ ಆಸೆ ಸರಿಯೇ. ಆದರೆ ಮುಚ್ಚಿದ ನಿಂತ ನೀರಿಗಿಂತ ಒದ್ದೆ ಮೀಡಿಯಾ ಮತ್ತು ಧಾರಾಳ ಗಾಳಿ ಮೇಲು. ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಬೆರಳಷ್ಟು ನೀರು ಬಿಟ್ಟು, ಮೀಡಿಯಾವನ್ನು ಒಂದೇ ಪದರವಾಗಿ ಹರಡಿ. ಮೇಲೆ ಟ್ಯಾಂಕಿನ ನೀರಿನಲ್ಲಿ ಅದ್ದಿದ ಬಟ್ಟೆ. ಡಬ್ಬಿಯ ಅರ್ಧ ಗಾಳಿಯೇ ಇರಲಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಕಾರಿನ ಸೀಟಿನ ಕೆಳಗೆ ಇಡಿ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬೇಡ. ದಾರಿಯಲ್ಲಿ ಒಂದೆರಡು ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ.

ರಾತ್ರಿಯಿಡೀ ಪ್ರಯಾಣ ಅಂದರೆ ಬ್ಯಾಟರಿ ಏರ್ ಪಂಪ್ ಕೊಳ್ಳಿ. ಅದು ಆಮೇಲೆ ಕರೆಂಟ್ ಹೋದಾಗಲೂ ಬೇಕಾಗುತ್ತದೆ.

ಕ್ಯಾನಿಸ್ಟರ್ ಫಿಲ್ಟರನ್ನು (ಟ್ಯಾಂಕಿನ ಹೊರಗೆ ಇಡುವ, ಮುಚ್ಚಿದ ಡಬ್ಬಿಯಂಥದ್ದು) ನೀರು ತುಂಬಿದ ಹಾಗೇ ಒಯ್ಯಬೇಡಿ. ಬಿಗಿಯಾಗಿ ಮುಚ್ಚಿರುವುದರಿಂದ ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಮನೆಯಲ್ಲಿ ನಾಲ್ಕೈದು ಗಂಟೆ ಕರೆಂಟ್ ಹೋದಾಗಲೂ ಇದೇ ಕಥೆ. ಕರೆಂಟ್ ಬಂದ ತಕ್ಷಣ ಆನ್ ಮಾಡಿದರೆ ಒಳಗೆ ಕೊಳೆತ ನೀರು ನೇರ ಮೀನಿನ ಮೇಲೆ ಬೀಳುತ್ತದೆ. ಮೊದಲು ಬಿಚ್ಚಿ, ಆ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಿನಲ್ಲಿ ಜಾಲಿಸಿ ಆಮೇಲೆ ಓಡಿಸಿ.

ಮೊದಲ ಹತ್ತು ದಿನ

ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಬ್ಯಾಕ್ಟೀರಿಯಾ ದಾರಿಯಲ್ಲಿ ಹೋಗಿರುತ್ತದೆ, ಮರಳು ಮತ್ತು ಗಾಜಿನ ಮೇಲೆ ಇದ್ದದ್ದು ಹಳೆ ಟ್ಯಾಂಕಿನಲ್ಲೇ ಉಳಿದಿರುತ್ತದೆ. ಹಾಗಾಗಿ ಮೊದಲ ದಿನ ಊಟ ಇಲ್ಲ. ಎರಡನೇ ದಿನದಿಂದ ಅರ್ಧ. ವಾರದ ಕೊನೆಗೆ ಪೂರ್ತಿ. ಮೀನು ಮುಂದೆ ಬಂದು ಬಾಯಿ ಆಡಿಸುತ್ತದೆ, ಕರಗಬೇಡಿ.

ಅಮೋನಿಯಾ ಮತ್ತು ನೈಟ್ರೈಟ್ ಟೆಸ್ಟ್ ದಿನಾ ಒಂದು ಸಲ, ಒಂದು ವಾರ. ಬಣ್ಣ ಬದಲಾಗುವ ಪಟ್ಟಿಗಿಂತ ಹನಿ ಹಾಕುವ ಕಿಟ್ ಹೆಚ್ಚು ನಂಬಿಕಸ್ಥ. ದುಡ್ಡು ಜಾಸ್ತಿ ಅನಿಸಿದರೆ ಇಬ್ಬರು ಗೆಳೆಯರು ಸೇರಿ ಒಂದು ಕೊಳ್ಳಿ. ಎರಡೂ ಸೊನ್ನೆ ಇದ್ದರೆ ಸಂತೋಷ. 0.25ರ ಸುತ್ತ ಇದ್ದರೆ ಅವತ್ತು ಊಟ ನಿಲ್ಲಿಸಿ ಮರುದಿನ ನೋಡಿ. 0.5 ಮುಟ್ಟಿದರೆ ಶೇ. 40 ನೀರು ಬದಲಾಯಿಸಿ. ಪಿಎಚ್ 8ರ ನೀರಾದರೆ 0.25ಕ್ಕೇ ಬದಲಾಯಿಸಿ, ಕಾರಣ ಮೇಲೆ ಹೇಳಿದ್ದೇ.

ಅಮೋನಿಯಾ ಸೊನ್ನೆ ಇದ್ದು ನೈಟ್ರೈಟ್ ಮಾತ್ರ ಏರುವುದೂ ಉಂಟು. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿ ಕಸಿಯುತ್ತದೆ. ಗಾಳಿ ಧಾರಾಳ ಇದ್ದರೂ ಮೀನು ಮೇಲೆ ಬಂದು ಉಸಿರೆಳೆಯುತ್ತದೆ. ಆಗ ನೀರು ಬದಲಾಯಿಸುವುದರ ಜೊತೆಗೆ 10 ಲೀಟರಿಗೆ 1 ಗ್ರಾಂ ಅಡುಗೆ ಉಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿನ ದಾರಿಗೆ ಅಡ್ಡ ನಿಲ್ಲುತ್ತದೆ. ಇಷ್ಟು ಕಡಿಮೆ ಉಪ್ಪಿಗೆ ಗಿಡಗಳೂ ಸಾಮಾನ್ಯವಾಗಿ ತೊಂದರೆ ಪಡುವುದಿಲ್ಲ.

ಎರಡು ಮೂರು ದಿನಕ್ಕೆ ನೀರು ಹಾಲು ಬೆರೆಸಿದಂತೆ ಬೆಳ್ಳಗಾದರೆ ಹೆದರಬೇಡಿ. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ, ಕೊಳೆ ತಿಂದು ನೀರಿನಲ್ಲೇ ಹೆಚ್ಚುತ್ತದೆ. ಗಾಳಿ ಜಾಸ್ತಿ ಕೊಡಿ, ಊಟ ಕಮ್ಮಿ ಮಾಡಿ, ಕೆಲವೇ ದಿನದಲ್ಲಿ ತಾನಾಗಿ ಇಳಿಯುತ್ತದೆ. ಈ ಹಂತದಲ್ಲಿ ಗಾಬರಿಯಿಂದ ಫಿಲ್ಟರ್ ತೊಳೆಯುವವರೇ ಮಾಡಿದ ಕೆಲಸವನ್ನೆಲ್ಲ ಹಾಳು ಮಾಡಿಕೊಳ್ಳುವುದು. ಹೊಸ ಟ್ಯಾಂಕಿನ ಫಿಲ್ಟರನ್ನು ಮೊದಲ ಒಂದು ತಿಂಗಳು ಮುಟ್ಟಬೇಡಿ, ಧಾರೆ ತೀರಾ ಕುಗ್ಗದಿದ್ದರೆ.

ಹೊಸ ಮೀನು ಮೂರು ನಾಲ್ಕು ವಾರದ ನಂತರ. ಒಂದು ಸಲಕ್ಕೆ ಎರಡು ಮೂರು. ಗೋಲ್ಡ್ ಫಿಶ್ ಆದರೆ ಒಂದೇ, ಅದರ ಹೊಟ್ಟೆ ದೊಡ್ಡದು.

ಹಿಂದೆ ಉಳಿದ ಟ್ಯಾಂಕ್

ಮೂರನೇ ಒಂದು ಭಾಗ ಮೀಡಿಯಾ ತೆಗೆದ ಹಳೆ ಟ್ಯಾಂಕನ್ನು ಮರೆತುಬಿಡುವವರು ಬಹಳ. ಖಾಲಿಯಾದ ಜಾಗಕ್ಕೆ ಅವತ್ತೇ ಹೊಸ ಮೀಡಿಯಾ ತುಂಬಿ. ಒಂದು ವಾರ ಊಟ ಸ್ವಲ್ಪ ಕಡಿಮೆ. ಅದೇ ವಾರ ಮರಳು ತೊಳೆಯುವುದು, ಗಾಜು ಉಜ್ಜುವುದು ಬೇಡ, ಉಳಿದ ಬ್ಯಾಕ್ಟೀರಿಯಾ ಅಲ್ಲೂ ಇದೆ. ಅಲ್ಲಿಯ ನೀರನ್ನೂ ಮೂರನೇ ದಿನ ಒಮ್ಮೆ ಟೆಸ್ಟ್ ಮಾಡಿ.

ಒಂದು ತಿಂಗಳು ಸಮಯ ಇದ್ದರೆ

ಟ್ಯಾಂಕ್ ಬರುವುದು ಮುಂದಿನ ತಿಂಗಳು ಅಂತ ಗೊತ್ತಿದ್ದರೆ ಇಷ್ಟೆಲ್ಲ ರಗಳೆ ಕಡಿಮೆ ಮಾಡಿಕೊಳ್ಳಬಹುದು. ಹೊಸ ಫಿಲ್ಟರನ್ನು ಇವತ್ತೇ ಹಳೆ ಟ್ಯಾಂಕಿಗೆ ಜೋಡಿಸಿ, ಎರಡೂ ಒಟ್ಟಿಗೆ ಓಡಲಿ. ಊಟ ಎರಡಕ್ಕೂ ಹಂಚಿಹೋಗುವುದರಿಂದ ಬ್ಯಾಕ್ಟೀರಿಯಾವೂ ಹಂಚಿಕೊಂಡು ಕೂರುತ್ತದೆ. ಹೊಸದರಲ್ಲಿ ಹಳೆಯದಷ್ಟೇ ಇರುತ್ತದೆ ಎಂದು ನಂಬಬೇಡಿ. ಹಾಗಾಗಿ ಸಾಗಿಸುವ ದಿನ ಹೊಸ ಫಿಲ್ಟರಿನ ಜೊತೆ ಹಳೆ ಸ್ಪಾಂಜೂ ಹೋಗಲಿ.

ಆರು ವಾರದ ನಂತರ ಹಳೆ ಸ್ಪಾಂಜ್ ತೆಗೆಯಬೇಕು ಅನಿಸಿದರೆ ಮೊದಲು ಅರ್ಧ ಕತ್ತರಿಸಿ ತೆಗೆಯಿರಿ. ಮೂರು ದಿನ ಟೆಸ್ಟ್ ನೋಡಿ ಉಳಿದ ಅರ್ಧ. ತೆಗೆದದ್ದನ್ನು ಒಣಗಿಸಿ ಎಸೆಯಬೇಡಿ. ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ನೀರು ಆಡುವ ಕಡೆ ಇಟ್ಟಿರಿ, ಹೊಸ ಮೀನಿಗೆ ಕ್ವಾರಂಟೈನ್ ಟ್ಯಾಂಕ್ ಬೇಕಾದ ದಿನ ಕೈಗೆ ಸಿಗುತ್ತದೆ. ಹಾಗೆ ಕ್ವಾರಂಟೈನ್‌ಗೆ ಹೋದ ಸ್ಪಾಂಜನ್ನು ಮಾತ್ರ ಮತ್ತೆ ದೊಡ್ಡ ಟ್ಯಾಂಕಿಗೆ ತರಬೇಡಿ.